ಹದಿನೆಂಟಕ್ಕೆ ಹದಿನಾರು: ನಮ್ಮ ಸಣ್ಣ ಮನೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಆಳಂದ ರಸ್ತೆ ಕಡೆ ನಮ್ಮದೊಂದು ಮನೆ ಇದೆ. ಹೊರ ಅಳತೆ 18 ಅಡಿ ಉದ್ದ, 16 ಅಡಿ ಅಗಲ. ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಇಡೀ ಮನೆ ನೋಡಿ ಮುಗಿದಿರುತ್ತದೆ. ನಾನು ನೀರಿನ ಲೋಟ ತರುವಷ್ಟರಲ್ಲಿ ಮೊದಲ ಪ್ರಶ್ನೆ ಬಂದೇ ಬರುತ್ತದೆ. ಆರು ವರ್ಷದಿಂದ ಅದದೇ ಪ್ರಶ್ನೆ, ಅದದೇ ಉತ್ತರ. ಅದಕ್ಕೇ ಬರೆದಿಟ್ಟೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಇಷ್ಟು ಸಣ್ಣ ಮನೆ ಯಾಕೆ? ದುಡ್ಡು ಕಡಿಮೆ ಬಿತ್ತಾ?

ದುಡ್ಡು ಕಡಿಮೆ ಇದ್ದದ್ದು ನಿಜ. ಆದರೆ ನಮ್ಮ ಓಣಿಯಲ್ಲಿ ಯಾರ ಹತ್ತಿರ ಜಾಸ್ತಿ ಇತ್ತು? ಎಲ್ಲರೂ ಸಾಲ ಮಾಡಿ ದೊಡ್ಡದು ಕಟ್ಟಿದರು. ನಾವೂ ಕಟ್ಟಬಹುದಿತ್ತು.

ನಾನು ಬೆಳೆದದ್ದು ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಯ ವಾಡೆಯಲ್ಲಿ. ಹನ್ನೊಂದು ಅಂಕಣದ ಮಾಳಿಗೆ ಮನೆ. ನಮ್ಮ ಕಡೆ ಮಾಳಿಗೆ ಅಂದರೆ ಚಪ್ಪಟೆ ಛಾವಣಿ. ಅಜ್ಜಿ ನಸುಕಿನಲ್ಲಿ ಕಸಬರಿಗೆ ಹಿಡಿದರೆ ಕಸ ಮುಗಿಯುವಷ್ಟರಲ್ಲಿ ಬಿಸಿಲು ಏರಿರುತ್ತಿತ್ತು. ಮೂರು ಕೋಣೆಗೆ ಯಾವಾಗಲೂ ಬೀಗ. ಒಂದರಲ್ಲಿ ಮುರಿದ ತೊಟ್ಟಿಲು, ಒಂದರಲ್ಲಿ ಹಳೇ ಹಂಡೆ ತಪೇಲಿ. ಮೂರನೆಯದರಲ್ಲಿ ಏನಿತ್ತೋ ಯಾರಿಗೂ ಗೊತ್ತಿಲ್ಲ, ಬೀಗದ ಕೈಯೇ ಕಳೆದಿತ್ತು. ಆದರೂ ದೀಪಾವಳಿ ಬಂದಾಗ ಆ ಮೂರೂ ಕೋಣೆಯ ಹೊರಗೋಡೆಗೆ ಸುಣ್ಣ ಬಳಿಯಬೇಕಿತ್ತು. ಬಳಿಯುತ್ತಿದ್ದದ್ದು ಮನೆಯ ಹೆಣ್ಣುಮಕ್ಕಳು.

ನನ್ನ ಗಂಡ ಬೆಳೆದದ್ದು ವಾಡಿ ಜಂಕ್ಷನ್‌ನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ. ಎರಡು ಕೋಣೆ, ಆರು ಜನ. ಅಲ್ಲಿ ಏನೂ ಕಳೆಯುತ್ತಿರಲಿಲ್ಲವಂತೆ, ಕಳೆಯೋಕೆ ಜಾಗ ಬೇಕಲ್ಲ. ನಾನು ದೊಡ್ಡ ಮನೆಯ ಚಾಕರಿ ನೋಡಿ ಬೇಸತ್ತವಳು, ಅವರು ಸಣ್ಣ ಮನೆಯಲ್ಲಿ ಬೆಳೆದೂ ಬೇಸರವಾಗದವರು. ಮನೆ ಕಟ್ಟೋ ಮಾತು ಬಂದಾಗ ನಮಗೆ ಜಗಳವೇ ಆಗಲಿಲ್ಲ. ಜಗಳ ಎಲ್ಲಾ ನೆಂಟರ ಜೊತೆ.

ಒಳಗೆ ಏನೇನು ಇದೆ?

ಗೋಡೆ ಕಳೆದು ಉಳಿದದ್ದು ಇಷ್ಟು: 10 ಅಡಿಗೆ ಹದಿನಾಲ್ಕೂವರೆ ಅಡಿಯ ಒಂದು ದೊಡ್ಡ ಕೋಣೆ. ಅದೇ ಪಡಸಾಲೆ, ಅದೇ ಮಲಗುವ ಮನೆ. ಆರು ಅಡಿಗೆ ಒಂಬತ್ತರ ಅಡುಗೆಮನೆ. ಆರು ಅಡಿಗೆ ಐದರ ಬಚ್ಚಲು, ಸಂಡಾಸು ಅದರೊಳಗೇ. ಎಲ್ಲಾ ಸೇರಿ 230 ಚದರ ಅಡಿ ಹತ್ತಿರ.

ಈ ಅಳತೆ ನಾವು ಮನಸ್ಸಿಗೆ ಬಂದಂತೆ ಹಾಕಿದ್ದಲ್ಲ. ನಕ್ಷೆ ಬರೆದ ಹುಡುಗ ರಾಷ್ಟ್ರೀಯ ಕಟ್ಟಡ ಸಂಹಿತೆ ತೆಗೆದು ತೋರಿಸಿದ. ವಾಸದ ಕೋಣೆ ಕನಿಷ್ಠ ಒಂಬತ್ತೂವರೆ ಚದರ ಮೀಟರ್, ಅಂದರೆ 102 ಚದರ ಅಡಿ ಇರಬೇಕು. ಅಡುಗೆಮನೆ 5 ಚದರ ಮೀಟರ್. ಬಚ್ಚಲು, ಸಂಡಾಸು ಸೇರಿದ್ದರೆ 2.8. ಕೋಣೆಯ ಎತ್ತರ 2.75 ಮೀಟರ್‌ಗಿಂತ ಕಡಿಮೆ ಇರಬಾರದು. ಅಡುಗೆಮನೆ, ಬಚ್ಚಲು ಎರಡನ್ನೂ ಆ ಕನಿಷ್ಠಕ್ಕೇ ನಿಲ್ಲಿಸಿದೆವು. ಎತ್ತರದಲ್ಲಿ ಮಾತ್ರ ಜಿಪುಣತನ ಮಾಡಲಿಲ್ಲ. ಒಂಬತ್ತು ಅಡಿ ಸಾಕಿದ್ದಲ್ಲಿ 12 ಅಡಿ ಹಾಕಿಸಿದೆವು. ಸಣ್ಣ ಕೋಣೆಗೆ ತಲೆ ಮೇಲೆ ಜಾಗ ಇದ್ದರೆ ಉಸಿರು ಕಟ್ಟುವುದಿಲ್ಲ. ಅಡುಗೆಮನೆ, ಬಚ್ಚಲಿನ ಮೇಲೆ ಏಳಡಿಗೆ ಅಟ್ಟ ಬಂತು. ಅದೇ ನಮ್ಮ ಬೀಗ ಹಾಕಿದ ಮೂರು ಕೋಣೆ ಅನ್ನಿ.

ಮೂವತ್ತು ನಲವತ್ತರ ಪ್ಲಾಟ್‌ನಲ್ಲಿ ಇಷ್ಟೇ ಕಟ್ಟಿ ಉಳಿದದ್ದು ಸುಮ್ನೆ ಬಿಟ್ಟಿದ್ದೀರಲ್ಲ, ವೇಸ್ಟ್ ಅಲ್ವಾ?

ಈ ಪ್ರಶ್ನೆ ಕೇಳುವವರು ಕೇಳುವಾಗ ಕೂತಿರುವುದು ಎಲ್ಲಿ ಗೊತ್ತಾ? ಆ ಸುಮ್ನೆ ಬಿಟ್ಟ ಜಾಗದಲ್ಲಿ, ಬೇವಿನ ಗಿಡದ ಕೆಳಗೆ, ಹೊರಸಿನ ಮೇಲೆ.

1200 ಚದರ ಅಡಿಯಲ್ಲಿ ಮನೆ ತಿಂದದ್ದು 288, ಕಾಲು ಭಾಗಕ್ಕೂ ಕಡಿಮೆ. ಉಳಿದದ್ದರಲ್ಲಿ ಬೇವು, ಕರಿಬೇವು, ತುಳಸಿ ಕಟ್ಟೆ, ಪಾತ್ರೆ ತಿಕ್ಕುವ ಕಲ್ಲು, ಸೈಕಲ್ಲು, ಎರಡು ಹೊರಸು. ನಮ್ಮ ಕಡೆ ಜನ ಬದುಕುವುದೇ ಹಾಗೆ. ವರ್ಷದಲ್ಲಿ ಎಂಟು ತಿಂಗಳು ಸಂಜೆ ಐದರ ಮೇಲೆ ಯಾರು ಒಳಗೆ ಕೂರುತ್ತಾರೆ? ಪ್ಲಾಟ್ ತುಂಬಾ ಮನೆ ಕಟ್ಟಿಕೊಂಡವರೂ ಸಂಜೆ ಕುರ್ಚಿ ತಂದು ರಸ್ತೆಯಲ್ಲೇ ಹಾಕಿಕೊಳ್ಳುತ್ತಾರೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಣ್ಣ ಮನೆ ಚೆಂದ ಅಂತ ನಾನು ಹೇಳುವುದು ಅಂಗಳ ಇದ್ದರೆ ಮಾತ್ರ. ಮೂರನೇ ಮಹಡಿಯಲ್ಲಿ, ನಾಲ್ಕು ಕಡೆ ಬೇರೆ ಗೋಡೆ ಇರೋ 230 ಅಡಿಯಲ್ಲಿ ನನ್ನನ್ನು ಇಟ್ಟರೆ ಎರಡು ತಿಂಗಳಿಗೆ ತವರಿಗೆ ಹೋಗಿಬಿಡುತ್ತೇನೆ.

ಬ್ಯಾಸಗ್ಯಾಗ ಹ್ಯಾಂಗ ಇರ್ತೀರಿ? ಒಲಿಯಾಗ ಕುಂತಂಗ ಆಗಲ್ಲೇನ್ರಿ?

ಮೊದಲ ವರ್ಷ ಆಯಿತು. ಸುಳ್ಳು ಯಾಕೆ ಹೇಳಲಿ.

ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಮಾಮೂಲು. ಸಿಮೆಂಟಿನ ಸ್ಲ್ಯಾಬ್ ಹಗಲೆಲ್ಲಾ ಬಿಸಿಲು ಕುಡಿದು ರಾತ್ರಿ ಒಳಗೆ ಬಿಡುತ್ತದೆ. ರಾತ್ರಿ ಹನ್ನೊಂದಕ್ಕೆ ಅಟ್ಟದ ಮೇಲಿಂದ ಚಾದರ ತೆಗೆಯಲು ಹತ್ತಿದೆ, ಛಾವಣಿಗೆ ಕೈ ತಾಗಿತು. ರೊಟ್ಟಿ ಹಂಚು ಇಳಿಸಿ ಅರ್ಧ ಗಂಟೆ ಆದಮೇಲೆ ಮುಟ್ಟಿದರೆ ಹೇಗಿರುತ್ತೋ ಹಾಗಿತ್ತು. ವಾಡೆಯಲ್ಲಿ ಈ ಕಾಟ ಇರಲಿಲ್ಲ. ಮಣ್ಣಿನ ಮಾಳಿಗೆ, ಎರಡಡಿ ದಪ್ಪದ ಗೋಡೆ. ಬಿಸಿಲು ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು.

ಎರಡನೇ ವರ್ಷ ಮಾಳಿಗೆ ಮೇಲೆ ಒಡೆದ ಬಿಳಿ ಟೈಲ್ಸ್ ಕೂರಿಸಿದೆವು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ದುಡ್ಡಿಲ್ಲದವರು ಸುಣ್ಣ ಬಳಿದರೂ ನಡೆಯುತ್ತದೆ, ಆದರೆ ಮಳೆಗೆ ತೊಳೆದುಹೋಗುತ್ತದೆ, ಪ್ರತಿ ವರ್ಷ ಬಳಿಯಬೇಕು. ಪಶ್ಚಿಮದ ಗೋಡೆಗೆ ಕಿಟಕಿ ಇಟ್ಟಿಲ್ಲ, ಆ ಕಡೆ ಬಚ್ಚಲು, ಅಡುಗೆಮನೆ ಬಂದಿವೆ. ಮಧ್ಯಾಹ್ನದ ಬಿಸಿಲನ್ನು ಅವೇ ತಿನ್ನುತ್ತವೆ. ನೆಲಕ್ಕೆ ಶಹಾಬಾದ್ ಫರ್ಸಿ. ಇಲ್ಲೇ ಪಕ್ಕದ ಊರಿನ ಕಲ್ಲು, ಪದರ ಪದರವಾಗಿ ಏಳುತ್ತದೆ, ಅಗ್ಗ. ಮಧ್ಯಾಹ್ನ ಊಟ ಆದಮೇಲೆ ಬರೀ ಫರ್ಸಿ ಮೇಲೆ ಬೆನ್ನು ಹಚ್ಚಿ ಮಲಗುವ ಸುಖ ಗಾದಿ ಮೇಲೆ ಸಿಗುವುದಿಲ್ಲ.

ಇನ್ನು ಕೂಲರ್. ಸಣ್ಣ ಮನೆಯ ಲಾಭ ಗೊತ್ತಾಗುವುದೇ ಇಲ್ಲಿ. ಒಂದೇ ಕೂಲರ್‌ಗೆ ಇಡೀ ಮನೆ ತಣ್ಣಗಾಗುತ್ತದೆ. ನಮ್ಮ ಬಿಸಿಲು ಒಣ ಬಿಸಿಲಾದ್ದರಿಂದ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕೂಲರ್ ಹಚ್ಚಿ ಬಾಗಿಲು ಕಿಟಕಿ ಎಲ್ಲಾ ಮುಚ್ಚಬೇಡಿ. ಎದುರಿನ ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ಹಸಿ ಗಾಳಿ ಒಳಗೇ ನಿಂತು ಮೈ ಅಂಟುತ್ತದೆ. ಮಳೆಗಾಲಕ್ಕೆ ಕೂಲರ್ ದಂಡ. ರಾತ್ರಿ? ರಾತ್ರಿ ಮಾಳಿಗೆ ಮೇಲೆ. ಸೊಳ್ಳೆ ಪರದೆ, ಒಂದು ತಂಬಿಗೆ ನೀರು. ಬಿಳಿ ಟೈಲ್ಸ್ ಬೇಗ ಆರುತ್ತದೆ, ಹತ್ತು ಗಂಟೆಗೆ ಹಾಸಿಗೆ ಹಾಸಬಹುದು.

ಖರ್ಚು ನಿಜವಾಗಿ ಎಷ್ಟು ಉಳಿಯಿತು?

ರೂಪಾಯಿ ಲೆಕ್ಕ ಹೇಳಿದರೆ ಮುಂದಿನ ವರ್ಷಕ್ಕೆ ಹಳತಾಗುತ್ತದೆ. ಚೀಲದ ಲೆಕ್ಕ ಹೇಳುತ್ತೇನೆ. ಗೌಂಡಿಗಳ ಅಂದಾಜಿನಲ್ಲಿ ಒಂದು ಚದರ ಅಡಿಗೆ ಸುಮಾರು 0.4 ಚೀಲ ಸಿಮೆಂಟ್. 288 ಅಡಿಗೆ 115 ಚೀಲ. ಪಕ್ಕದವರು ಸಾವಿರ ಅಡಿ ಕಟ್ಟಿದರೆ 400 ಚೀಲ. ಕಬ್ಬಿಣ, ಮರಳು, ಕೂಲಿ ಎಲ್ಲಾ ಅದೇ ಪ್ರಮಾಣದಲ್ಲಿ ನಡೆಯುತ್ತದೆ.

ಪಾಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ, ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕೈ ಇಳಿಯುತ್ತದೆ. ಅದರ ಮೇಲೆ ತೆಳುವಾಗಿ ಪಾಯ ಹಾಕಿದರೆ ಎರಡೇ ವರ್ಷಕ್ಕೆ ಗೋಡೆಯಲ್ಲಿ ಓರೆ ಗೆರೆ ಬೀಳುತ್ತದೆ. ಎರೆ ತೆಗೆದು ಗಟ್ಟಿ ಮುರುಮ್ (ಗರಸು ಮಣ್ಣು) ಸಿಗುವವರೆಗೆ ಇಳಿದೆವು. ಆರಡಿ ಆಯಿತು. ದೊಡ್ಡ ಮನೆ ಆಗಿದ್ದರೆ ಆ ಆರಡಿಗೇ ದುಡ್ಡು ಮುಗಿದು, "ಇಲ್ಲೇ ಸಾಕು ಬಿಡ್ರಿ" ಅಂದುಬಿಡುತ್ತಿದ್ದೆವು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ನಮ್ಮ ಮನೆ ಸಾಲ ನಾಲ್ಕು ವರ್ಷಕ್ಕೆ ತೀರಿತು. ಮದುವೆ ಸಾಲ ತೀರಿಸಲು ನಮ್ಮಪ್ಪನಿಗೆ ಏಳು ಬೇಕಾಯಿತು.

ಸಾಮಾನು ಎಲ್ಲಿ ಇಡ್ತೀರಿ?

ಹೆಂಗಸರು ಮೊದಲು ಕೇಳುವ ಪ್ರಶ್ನೆ ಇದು. ಗಂಡಸರು ಯಾರೂ ಕೇಳಿಲ್ಲ!

ಮೊದಲು, ಸಾಮಾನು ಬರದಂತೆ ನೋಡಿಕೊಳ್ಳಬೇಕು. ನಮ್ಮ ಕಡೆ ಮದುವೆ, ಗೃಹಪ್ರವೇಶ, ಸೀಮಂತ ಏನಾದರೂ ಸ್ಟೀಲಿನ ಪಾತ್ರೆ ಬರುತ್ತದೆ. ಗೃಹಪ್ರವೇಶದ ದಿನ ನಮಗೆ ಬಂದ ಕೊಡ ಹನ್ನೊಂದು. ಒಂದೊಂದರ ಮೇಲೂ ಕೊಟ್ಟವರ ಹೆಸರು ಕೆತ್ತಿತ್ತು, ಹಾಗಾಗಿ ಬೇರೆಯವರ ಮದುವೆಗೆ ದಾಟಿಸುವ ಹಾಗೂ ಇಲ್ಲ. ಎರಡು ಇಟ್ಟುಕೊಂಡೆ. ಉಳಿದವು ಊರಿನ ಮಠಕ್ಕೆ ಹೋದವು, ದಾಸೋಹದಲ್ಲಿ ನೀರಿಗೆ ಆಗುತ್ತವೆ. ಹೆಸರು ಕೆತ್ತಿಸಿದವರಿಗೆ ಪುಣ್ಯವೂ ಬಂತು.

ಗೋಡೆಯೊಳಗೆ ಗೂಡು ಬಿಡಿಸಿ. ಹಳೇ ಮನೆಗಳಲ್ಲಿ ದೀಪಕ್ಕೆ, ದೇವರಿಗೆ, ಎಣ್ಣೆ ಬಟ್ಟಲಿಗೆ ಗೂಡು ಇರುತ್ತಿತ್ತಲ್ಲ, ಹಾಗೆ. ಒಂಬತ್ತು ಇಂಚಿನ ಗೋಡೆಯಲ್ಲಿ ಐದು ಇಂಚು ಆಳದ ಗೂಡು ಆರಾಮಾಗಿ ಬರುತ್ತದೆ. ಅಡ್ಡಕ್ಕೆ ಶಹಾಬಾದ್ ಕಲ್ಲು. ನಮ್ಮ ಮಸಾಲೆ ಡಬ್ಬಿ, ಮಗಳ ಪುಸ್ತಕ, ದೇವರ ಜಗಲಿ ಎಲ್ಲಾ ಗೋಡೆಯೊಳಗೇ ಇವೆ. ಕಪಾಟು ಅಂತ ಮುಂದೆ ಚಾಚಿಕೊಂಡದ್ದು ಒಂದೇ.

ಹೊಲದ ಪಾಲು ಜೋಳ, ತೊಗರಿ ಬರುತ್ತದೆ. ವಾಡೆಯಲ್ಲಿ ಅದಕ್ಕೆ ನೆಲದಡಿ ಹಗೇವು ಇತ್ತು. ಇಲ್ಲಿ ಎರಡು ತಗಡಿನ ಡ್ರಮ್ಮು, ಮೇಲೆ ಹಳೇ ಕೌದಿ ಮಡಚಿ ಹಾಕಿದರೆ ಬಂದವರಿಗೆ ಕೂರಲು ಜಾಗ. ನಮ್ಮ ಮನೆಗೆ ಬಂದ ದೊಡ್ಡ ದೊಡ್ಡವರೆಲ್ಲಾ ಅರ್ಧ ಕ್ವಿಂಟಲ್ ತೊಗರಿ ಮೇಲೆ ಕೂತು ಚಹಾ ಕುಡಿದಿದ್ದಾರೆ.

ಸೋತ ಜಾಗ ಒಂದು ಹೇಳುತ್ತೇನೆ. ನನ್ನ ಟ್ರಂಕು. ಮದುವೆಯಲ್ಲಿ ಬಂದ ಆಯೇರಿ ಸೀರೆಗಳು ಅದರಲ್ಲಿವೆ. ಉಡುವುದಿಲ್ಲ, ಕೊಡಲು ಮನಸ್ಸಿಲ್ಲ. ಮಂಚದ ಕೆಳಗೆ ಇದೆ. ಕಸ ಹೊಡೆಯುವಾಗ ಪ್ರತಿ ದಿನ ಅದನ್ನು ಎಳೆಯುತ್ತೇನೆ, ಪ್ರತಿ ದಿನ ಬೈದುಕೊಳ್ಳುತ್ತೇನೆ, ಮತ್ತೆ ಒಳಗೆ ತಳ್ಳುತ್ತೇನೆ.

ಬೀಗರು ಬಂದ್ರ ಏನ್ ಮಾಡ್ತೀರಿ?

ಇಬ್ಬರು ಮೂವರು ಬಂದರೆ ತೊಂದರೆ ಇಲ್ಲ. ಶರಣಬಸವೇಶ್ವರ ಜಾತ್ರೆಗೆ ಒಮ್ಮೆ ಹದಿನಾಲ್ಕು ಜನ ಬಂದಿದ್ದರು. ಹೆಂಗಸರು, ಮಕ್ಕಳು ಒಳಗೆ, ಗಂಡಸರು ಮಾಳಿಗೆ ಮೇಲೆ. ಜಾತ್ರೆ ಬರುವುದು ಹೋಳಿ ಆದಮೇಲೆ, ಹಾಗಾಗಿ ಹೊರಗೆ ಮಲಗಿದರೂ ಚಳಿ ಇಲ್ಲ. ತೇರು ನೋಡಿ ಬಂದು ಅಂಗಳದಲ್ಲೇ ಸಾಲಾಗಿ ಕೂತು ಊಟ. ಬೆಳಗ್ಗೆ ಬಚ್ಚಲಿನ ಮುಂದೆ ಮಾತ್ರ ಕ್ಯೂ ಹತ್ತಿತ್ತು. ಕಷ್ಟ ಆಗುವುದು ಮಳೆಗಾಲದಲ್ಲಿ ಬಂದರೆ. ಆಗ ಪಕ್ಕದ ಮನೆ ಅಕ್ಕನ ಪಡಸಾಲೆ ಇದೆ. ಅವರ ದೊಡ್ಡ ಮನೆಯ ಉಪಯೋಗ ನಮಗೂ ಇದೆ ನೋಡಿ.

ಎಳ್ಳಮಾವಾಸ್ಯೆಗಂತೂ ಮನೆಯ ಮಾತೇ ಇಲ್ಲ. ಭಜ್ಜಿ, ಸಜ್ಜೆ ಕಡುಬು, ರೊಟ್ಟಿ ಎಲ್ಲಾ ಬುಟ್ಟಿಯಲ್ಲಿ ಕಟ್ಟಿ ಹೊಲಕ್ಕೆ ಹೋಗುವುದು.

ಗಂಡ ಹೆಂಡ್ತಿ ಜಗಳ ಆಡಿದ್ರೆ ಯಾರು ಎಲ್ಲಿ ಹೋಗ್ತೀರಿ?

ಅವರು ಮಾಳಿಗೆ ಮೇಲೆ, ನಾನು ಅಡುಗೆಮನೆ. ಮುನಿಸಿಕೊಂಡು ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುವ ಸವಲತ್ತು ಇಲ್ಲ. ಅರ್ಧ ಗಂಟೆಯಲ್ಲಿ ಯಾರಿಗಾದರೂ ನೀರು ಬೇಕಾಗುತ್ತದೆ, ಚಾರ್ಜರ್ ಬೇಕಾಗುತ್ತದೆ. "ಸ್ವಲ್ಪ ಆ ಕಡೆ ಸರೀರಿ" ಅನ್ನಲೇಬೇಕು. ಮಾತು ಶುರುವಾಗುವುದು ಹಾಗೇ.

ಒಬ್ಬಳೇ ಇರಬೇಕು ಅನ್ನಿಸಿದಾಗ ಮಾತ್ರ ಈ ಮನೆ ಸಣ್ಣದು. ಅದನ್ನು ಮುಚ್ಚಿಡುವುದಿಲ್ಲ. ಮಧ್ಯಾಹ್ನ ಹನ್ನೆರಡರಿಂದ ಮೂರು, ಎಲ್ಲರೂ ಹೊರಗೆ ಹೋದಾಗ, ನನ್ನದು.

ಮಗಳು ಹೇಗೆ ಓದುತ್ತಾಳೆ?

ನಾಲ್ಕನೇ ಕ್ಲಾಸು. ನಾನು ರೊಟ್ಟಿ ತಟ್ಟುವ ಹೊತ್ತಿಗೆ ಅಡುಗೆಮನೆ ಹೊಸ್ತಿಲ ಮೇಲೆ ಕೂತು ಮಗ್ಗಿ ಹೇಳುತ್ತಾಳೆ. ತಟ್ಟುವ ತಾಳಕ್ಕೆ ಮಗ್ಗಿ ಕೂರುತ್ತದೆ. ನಾನು ಹಂಚಿಗೆ ರೊಟ್ಟಿ ಹಾಕಲು ನಿಲ್ಲಿಸಿದರೆ ಅವಳೂ ಏಳು ಎಂಟ್ಲೆಗೆ ನಿಲ್ಲುತ್ತಾಳೆ. ಹತ್ತನೇ ಕ್ಲಾಸಿಗೆ ಬಂದಾಗ ಬೇರೆ ಕೋಣೆ ಕೇಳುತ್ತಾಳೆ, ಗೊತ್ತು. ಅಟ್ಟ ಕೊಡೋಣ ಅಂತಾರೆ ಅವರಪ್ಪ.

ಒಗ್ಗರಣೆ ಘಾಟು ಇಡೀ ಮನೆ ತುಂಬಲ್ವಾ?

ತುಂಬುತ್ತದೆ. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು, ಮರೆಯಬೇಡಿ. ಖಾರಕ್ಕೆ ಮೆಣಸಿನಕಾಯಿ ಹುರಿಯುವುದು, ಹಿಂಡಿಗೆ (ಚಟ್ನಿಪುಡಿಗೆ) ಶೇಂಗಾ ಹುರಿಯುವುದು ಎಲ್ಲಾ ಅಂಗಳದಲ್ಲಿ, ಮೂರು ಕಲ್ಲಿನ ಒಲೆ ಮೇಲೆ. ಒಮ್ಮೆ ಮಳೆ ಅಂತ ಒಳಗೆ ಹುರಿದೆ. ಮೂವರೂ ಕೆಮ್ಮುತ್ತಾ ಮಳೆಯಲ್ಲೇ ಹೊರಗೆ ನಿಂತೆವು.

ಇದು ಆ ಅಮೆರಿಕದ ಟೈನಿ ಹೌಸ್ ಫ್ಯಾಶನ್ನಾ?

ಮೊಬೈಲಿನಲ್ಲಿ ನೋಡಿದವರು ಕೇಳುತ್ತಾರೆ. ಅಲ್ಲಿ 400 ಚದರ ಅಡಿ ಅಥವಾ ಅದಕ್ಕಿಂತ ಸಣ್ಣದಿದ್ದರೆ ಟೈನಿ ಹೌಸ್. 2018ರ ಅವರ ಮಾದರಿ ಕಟ್ಟಡ ನಿಯಮದಲ್ಲಿ ಅದಕ್ಕೆ ಬೇರೆ ಅನುಬಂಧವೇ ಇದೆ. ಅಟ್ಟಕ್ಕೆ, ಅಟ್ಟದ ಏಣಿಗೆ ಎಲ್ಲಾ ಅಳತೆ ಹೇಳಿದ್ದಾರೆ. ಕೆಲವರು ಚಕ್ರದ ಮೇಲೆ ಕಟ್ಟಿ ಎಳೆದುಕೊಂಡು ಹೋಗುತ್ತಾರೆ.

ನಮ್ಮಲ್ಲಿ 2015ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಶುರುವಾದಾಗ ಪಟ್ಟಣದ ಬಡವರ ಮನೆಗೆ 30 ಚದರ ಮೀಟರ್, ಅಂದರೆ 323 ಚದರ ಅಡಿವರೆಗೆ ಒಳ ಅಳತೆ ಇತ್ತು. ಹಳ್ಳಿ ಕಡೆ ಕನಿಷ್ಠ 25 ಚದರ ಮೀಟರ್. ಅಮೆರಿಕದವರಿಗೆ ಸೋಜಿಗ ಆದ ಅಳತೆ ನಮ್ಮಲ್ಲಿ ಪಂಚಾಯ್ತಿಯ ಬಡವರ ಮನೆ ಲಿಸ್ಟಿನಲ್ಲಿ ಇರುತ್ತದೆ. ಬೇಕು ಅಂತ ಸಣ್ಣ ಮನೆಯಲ್ಲಿ ಇರುವುದು ಬೇರೆ, ಬೇರೆ ದಾರಿ ಇಲ್ಲದೆ ಇರುವುದು ಬೇರೆ. ನಮಗೆ ಪ್ಲಾಟ್ ಇತ್ತು, ತಿಂಗಳ ಪಗಾರ ಇತ್ತು, ಅದಕ್ಕೇ ಈ ಮನೆ ಬಗ್ಗೆ ಇಷ್ಟು ಖುಷಿಯಿಂದ ಬರೆಯುತ್ತಿದ್ದೇನೆ. ಒಂದೇ ಕೋಣೆಯಲ್ಲಿ ಎಂಟು ಜನ ಇರುವವರ ಮುಂದೆ ಸಣ್ಣ ಮನೆಯ ಸೊಗಸು ಹೇಳುವಷ್ಟು ಮುಖ ನನಗಿಲ್ಲ.

ನೀರು?

ನಳ ದಿನಾ ಬರುವುದಿಲ್ಲ, ಎಲ್ಲರ ಮನೆಯಂತೆ. ಅಂಗಳದಲ್ಲಿ ನೆಲದಡಿ ಟಾಕಿ ಇದೆ. ಮಾಳಿಗೆ ನೀರನ್ನೂ ಅದಕ್ಕೇ ಇಳಿಸಿದ್ದೇವೆ. ನಮ್ಮ ಛಾವಣಿ 27 ಚದರ ಮೀಟರ್ ಇದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಹಾಗಾಗಿ ಒಂದು ಇಂಚು ಮಳೆ ಬಂದರೆ ಹೆಚ್ಚುಕಡಿಮೆ 680 ಲೀಟರ್. ಛಾವಣಿ ದೊಡ್ಡದಿದ್ದರೆ ಜಾಸ್ತಿ ಸಿಗುತ್ತಿತ್ತು, ಒಪ್ಪುತ್ತೇನೆ. ಮೊದಲ ಮಳೆ ನೀರು ಹಿಡಿಯಬೇಡಿ, ಧೂಳೆಲ್ಲಾ ಬರುತ್ತದೆ.

ಸಣ್ಣ ಮನೆಗೂ ಪರ್ಮಿಷನ್ ಬೇಕಾ?

ಬೇಕು. ನಕ್ಷೆ, ಖಾತಾ ಎಲ್ಲಾ ದೊಡ್ಡ ಮನೆಯಷ್ಟೇ. ಪ್ಲಾಟ್ ಎನ್‌ಎ (ಕೃಷಿಯೇತರ ಜಮೀನು) ಆಗಿದೆಯಾ ಅಂತ ಮೊದಲು ನೋಡಿ.

ವಯಸ್ಸಾದವರಿಗೆ ಸರಿ ಹೋಗುತ್ತಾ?

ನಡೆದಾಟ ಕಡಿಮೆ, ಮೆಟ್ಟಿಲಿಲ್ಲ, ಕರೆದರೆ ಯಾರಿಗಾದರೂ ಕೇಳಿಸುತ್ತದೆ. ಹಾಗಾಗಿ ಸರಿ ಹೋಗುತ್ತೆ ಅಂದುಕೊಂಡಿದ್ದೆ. ಒಂದು ತಪ್ಪು ಮಾಡಿದ್ದೆವು. ಬಚ್ಚಲಿನ ಬಾಗಿಲನ್ನು ಗೌಂಡಿ ಒಳಗೆ ತೆರೆಯುವಂತೆ ಕೂರಿಸಿದ್ದ. ಯಾರೂ ಗಮನಿಸಲಿಲ್ಲ. ನಮ್ಮ ಅತ್ತೆ ವಾಡಿಯಿಂದ ಬಂದಿದ್ದಾಗ ಒಂದು ಬೆಳಗ್ಗೆ ಜಾರಿ ಬಿದ್ದರು. ಐದಡಿ ಜಾಗ. ಬಿದ್ದವರು ಬಾಗಿಲಿಗೇ ಒರಗಿಕೊಂಡಿದ್ದರು. ಚಿಲಕ ತೆಗೆದಿತ್ತು, ಆದರೂ ತಳ್ಳಿದರೆ ಅವರಿಗೇ ಪೆಟ್ಟು. "ತಳ್ಳಬ್ಯಾಡ್ರೋ, ನಾನೇ ಸರೀತೀನಿ" ಅಂತ ಒಳಗಿಂದ ಕೂಗುತ್ತಿದ್ದರು. ಒಂದೊಂದು ಗೇಣು ಹಿಂದೆ ಸರಿದು ನಾವು ಒಳಗೆ ಹೋಗುವಷ್ಟರಲ್ಲಿ ಹತ್ತು ನಿಮಿಷ. ಪುಣ್ಯಕ್ಕೆ ಕಾಲು ಉಳುಕಿತ್ತು ಅಷ್ಟೇ. ಮರುದಿನವೇ ಬಾಗಿಲು ಹೊರಗೆ ತೆರೆಯುವಂತೆ ತಿರುಗಿಸಿ, ಗೋಡೆಗೆ ಹಿಡಿಕೆ ಹಾಕಿಸಿದೆವು. ಈ ಬರಹದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಸಣ್ಣ ಬಚ್ಚಲಿನ ಬಾಗಿಲು ಹೊರಗೆ ತೆರೆಯಬೇಕು.

ಕಾಯಿಲೆ ಬಂದಾಗ ಕಷ್ಟ ಇದ್ದೇ ಇದೆ. ಒಬ್ಬರಿಗೆ ಜ್ವರ ಬಂದರೆ ರಾತ್ರಿಯೆಲ್ಲಾ ಎಲ್ಲರಿಗೂ ಎಚ್ಚರ.

ಮುಂದೆ ಮೇಲೊಂದು ಮಹಡಿ ಹಾಕ್ತೀರಾ?

ನಮ್ಮ ಊರಲ್ಲಿ ಯಾವ ಮಾಳಿಗೆ ಮೇಲೆ ನಿಂತು ನೋಡಿದರೂ ಸುತ್ತ ಕಬ್ಬಿಣದ ಸರಳು ಆಕಾಶ ನೋಡುತ್ತಾ ನಿಂತಿರುತ್ತವೆ. ಮುಂದೆ ಮಗನ ಮದುವೆಗೆ, ಬಾಡಿಗೆಗೆ ಅಂತ ಎಲ್ಲರೂ ಬಿಟ್ಟಿರುತ್ತಾರೆ. ಬೇಡ, ಕತ್ತರಿಸಿ ಅಂದೆ ನಾನು. ಮಾವ ಒಪ್ಪಲಿಲ್ಲ. "ಇರಲಿ ಬಿಡವ್ವ, ಸರಳು ಏನ್ ಅನ್ನ ಕೇಳ್ತಾವೇನು?" ಅಂದರು. ಗೌಂಡಿಯೂ ಅವರ ಕಡೆ ಸೇರಿದ. ನಾಲ್ಕು ಮೂಲೆಯಲ್ಲಿ ನಾಲ್ಕು ಕಟ್ಟು ಸರಳು ಇವತ್ತೂ ಇವೆ. ತುಕ್ಕು ಹಿಡಿಯದಿರಲಿ ಅಂತ ಸಿಮೆಂಟ್ ನೀರು ಬಳಿದಿದ್ದೇವೆ. ಎರಡರ ನಡುವೆ ಹಗ್ಗ ಕಟ್ಟಿ ಬಟ್ಟೆ ಒಣ ಹಾಕುತ್ತೇವೆ, ಬೇಸಿಗೆಯಲ್ಲಿ ನಾಲ್ಕಕ್ಕೂ ಕಟ್ಟಿದರೆ ಸೊಳ್ಳೆ ಪರದೆ ನಿಲ್ಲುತ್ತದೆ.